ಬಿಟ್ಟಿದ್ದೀಯಲ್ಲ, ಇನ್ನೇನು ಬೇಜಾರು?

ಕುಡಿಯೋದು ಬಿಟ್ಟ ಮೇಲೆ ಜನ ನನ್ನನ್ನು ಹೊಗಳಿದಷ್ಟು ಅದಕ್ಕೂ ಮುಂಚೆ ಯಾವತ್ತೂ ಹೊಗಳಿರಲಿಲ್ಲ. ಆಫೀಸಿನಲ್ಲಿ, ಮನೆಯಲ್ಲಿ, ಫೋನಿನಲ್ಲಿ, ಎಲ್ಲ ಕಡೆ ಅದೇ. "ಮುಖದಲ್ಲಿ ಕಳೆ ಬಂದಿದೆ ಕಣ್ರೀ." "ಹತ್ತು ವರ್ಷ ಚಿಕ್ಕವರ ಥರ ಕಾಣ್ತೀರ." "ಎಂಥ ವಿಲ್‌ಪವರ್ ನಿಮ್ದು!" ನಾನು ನಗುತ್ತಿದ್ದೆ, ಥ್ಯಾಂಕ್ಸ್ ಹೇಳುತ್ತಿದ್ದೆ. ಆಮೇಲೆ ಆಫೀಸಿನ ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿಕೊಂಡು, ಕಮೋಡಿನ ಮುಚ್ಚಳದ ಮೇಲೆ ಸುಮ್ನೆ ಕೂರುತ್ತಿದ್ದೆ. ಅಳು ಬರುತ್ತಿರಲಿಲ್ಲ. ಅಳು ಬಂದಿದ್ದರೆ ಎಷ್ಟೋ ವಾಸಿ ಇತ್ತು. ಏನೂ ಬೇಡ ಅನ್ನಿಸುತ್ತಿತ್ತು, ಅಷ್ಟೇ. ಎದ್ದು ಹೋಗಿ ಸೀಟಿನಲ್ಲಿ ಕೂರುವುದೂ ಬೇಡ, ಅಲ್ಲೇ ಕೂತಿರುವುದೂ ಬೇಡ.

ಆ ಹೊಗಳಿಕೆಯ ಜೊತೆಗೇ ಒಂದು ಷರತ್ತು ಬರುತ್ತದೆ. ಇನ್ನು ಮೇಲೆ ನೀನು ಖುಷಿಯಾಗಿರಬೇಕು. ಒಬ್ಬ ಹಳೇ ಸ್ನೇಹಿತನ ಹತ್ತಿರ ಒಮ್ಮೆ ಬಾಯಿಬಿಟ್ಟು ಹೇಳಿದೆ, ಯಾಕೋ ತುಂಬಾ ಬೇಜಾರು ಕಣೋ ಅಂತ. ಅವನು ನಿಜವಾಗಿಯೂ ಆಶ್ಚರ್ಯಪಟ್ಟ. "ಬಿಟ್ಟಿದ್ದೀಯಲ್ಲ, ಇನ್ನೇನು ಬೇಜಾರು?" ಅಂದ. ಅವನದು ತಪ್ಪಿಲ್ಲ. ನಾನು ಕುಡಿಯುತ್ತಿದ್ದಾಗ ನನ್ನ ಬೇಜಾರಿಗೆ ಎಲ್ಲರ ಹತ್ತಿರವೂ ಒಂದು ಕಾರಣ ರೆಡಿ ಇತ್ತು. ಸಿಟ್ಟು ಬಂದರೂ ಕುಡಿತ, ಮಂಕಾಗಿ ಕೂತರೂ ಕುಡಿತ, ಕೆಲಸ ಕೆಟ್ಟರೂ ಕುಡಿತ. ಬಿಟ್ಟ ಮೇಲೆ ಆ ಕಾರಣ ಹೋಯಿತು, ಬೇಜಾರು ಮಾತ್ರ ಹೋಗಲಿಲ್ಲ. ನೋಡೋಕೆ ಹೋದರೆ ಜಾಸ್ತಿಯೇ ಆಯಿತು. ಇದನ್ನು ಯಾರಿಗೆ ಹೇಳೋದು? ಹೇಳಿದರೆ ಎದುರಿನವರ ಮುಖದಲ್ಲಿ ಒಂದು ಗಾಬರಿ ಕಾಣುತ್ತದೆ, ಇವನು ಮತ್ತೆ ಶುರು ಹಚ್ಚಿಕೊಳ್ಳೋಕೆ ದಾರಿ ಮಾಡಿಕೊಳ್ಳುತ್ತಿದ್ದಾನೇನೋ ಅಂತ. ಆ ಗಾಬರಿ ನೋಡಲಾರದೆ ನಾನು ಬಾಯಿ ಮುಚ್ಚಿಕೊಂಡೆ. ಹೊರಗೆ ಹೊಗಳಿಕೆ, ಒಳಗೆ ಇದು. ಒಂದಿಷ್ಟು ಕಾಲ ಹೀಗೇ ನಡೆಯಿತು.

ನಾನು ಯಾಕೆ ಕುಡಿಯುತ್ತಿದ್ದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕುಡಿದವರಿಗೆ ಹೇಳಬೇಕಾಗಿಲ್ಲ. ಕುಡಿಯದವರಿಗೆ ಏನು ಹೇಳಿದರೂ ಅದು ನೆಪ ಅನ್ನಿಸುತ್ತದೆ. ನಾನು ಬರೆಯಬೇಕು ಅಂತಿರುವುದು ಬಿಟ್ಟ ಮೇಲಿನ ಮಾತು.

ಮೊದಲ ವಾರದ ಕಥೆಯೇ ಬೇರೆ

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಓದು ನಿಲ್ಲಿಸಿ. ದಿನಾ ಜಾಸ್ತಿ ಕುಡಿಯುವವರು ಯಾರ ಮಾತೋ ಕೇಳಿ ರಾತ್ರೋರಾತ್ರಿ ಬಿಡಬಾರದು. ಬಿಡಬೇಕು, ಆದರೆ ಡಾಕ್ಟರಿಗೆ ಹೇಳಿ ಬಿಡಬೇಕು. ಕೊನೆಯ ಪೆಗ್ ಆಗಿ ಆರು ಗಂಟೆಗೆಲ್ಲ ಕೈ ನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇನ್ನು ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಅನ್ನುವ ಸ್ಥಿತಿ ಬರುತ್ತದೆ. ಜ್ವರ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಇಲ್ಲದ್ದು ಕಾಣಿಸುತ್ತದೆ, ತಾನು ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗುವಷ್ಟು ಅಪಾಯ ಅದು. ಡಾಕ್ಟರ ಕಣ್ಣಳತೆಯಲ್ಲಿದ್ದರೆ ಕೆಲವು ದಿನ ಮಾತ್ರೆ ಕೊಟ್ಟು, ಅದನ್ನೂ ಮೆಲ್ಲಗೆ ಇಳಿಸುತ್ತಾ, ಜೊತೆಗೆ ಥಯಮಿನ್ ಅಂದರೆ ಬಿ1 ವಿಟಮಿನ್ ಕೊಟ್ಟು ದಾಟಿಸುತ್ತಾರೆ. ಥಯಮಿನ್ ಕೊಡುವುದು ಸುಮ್ನೆ ಶಕ್ತಿ ಬರಲಿ ಅಂತ ಅಲ್ಲ. ತುಂಬಾ ಕಾಲ ಕುಡಿದವರಲ್ಲಿ ಅದರ ಕೊರತೆ ಮಿದುಳನ್ನೇ ಕೆಡಿಸಬಲ್ಲದು. "ನಾನು ಯಾರ ಸಹಾಯವೂ ಇಲ್ಲದೆ ಬಿಟ್ಟೆ" ಅಂತ ಮೀಸೆ ತಿರುವುವವರು ಸಿಗುತ್ತಾರೆ. ಅವರ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

ಆ ವಾರ ದಾಟಿದ ಮೇಲೆ ಮೈ ಒಂದು ಹದಕ್ಕೆ ಬರುತ್ತದೆ. ಕೈ ನಡುಗುವುದಿಲ್ಲ, ಊಟ ಸೇರುತ್ತದೆ. ಎಲ್ಲರೂ ಉಸ್ಸಪ್ಪಾ ಅನ್ನುತ್ತಾರೆ. ಮನಸ್ಸಿನ ಲೆಕ್ಕ ಶುರುವಾಗುವುದು ಆಮೇಲೆ. ಇದು ಯಾಕೆ ಅಂತ ನನಗೆ ಅರ್ಥವಾಗಿದ್ದು ಹೀಗೆ: ಬಾಗಿಲನ್ನು ಹೊರಗಿನಿಂದ ಒಬ್ಬ ದಿನಾ ತಳ್ಳುತ್ತಿದ್ದರೆ, ಒಳಗಿನವನು ಅದು ಬೀಳದಿರಲಿ ಅಂತ ಅಷ್ಟೇ ಜೋರಾಗಿ ಒತ್ತಿ ಹಿಡಿಯುತ್ತಾನೆ. ಹೊರಗಿನವನು ಒಂದು ದಿನ ತಟ್ಟನೆ ಕೈ ಬಿಟ್ಟರೆ ಒಳಗಿನವನು ಮುಗ್ಗರಿಸಿ ಹೊರಗೆ ಬೀಳುತ್ತಾನೆ. ಮದ್ಯ ಮಿದುಳಿನಲ್ಲಿ ಶಾಂತ ಮಾಡುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತದೆ, ಚುರುಕು ಮಾಡುವ ಗ್ಲುಟಮೇಟನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳು ಇದಕ್ಕೆ ಎದುರಾಗಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಎಣ್ಣೆ ನಿಂತ ಮೇಲೂ ಆ ತಿದ್ದುಪಡಿ ಹಾಗೇ ಉಳಿದಿರುತ್ತದೆ. ಖುಷಿ, ಆಸೆ ಹುಟ್ಟಿಸುವ ಡೋಪಮಿನ್ ವ್ಯವಸ್ಥೆ ಸೊರಗಿರುತ್ತದೆ, ಒತ್ತಡದ ವ್ಯವಸ್ಥೆ ಕೆರಳಿರುತ್ತದೆ. ಅದಕ್ಕೇ ಈ ಹೊತ್ತಿನಲ್ಲಿ ಯಾವುದೂ ರುಚಿಸುವುದಿಲ್ಲ. ಇಷ್ಟದ ಹಾಡು ಹಾಕಿದರೆ ಸದ್ದು ಅನ್ನಿಸುತ್ತದೆ. ಮಕ್ಕಳು ಓಡಿ ಬಂದು ತಬ್ಬಿಕೊಂಡರೆ ತಬ್ಬಿಕೊಂಡರು ಅಂತ ಗೊತ್ತಾಗುತ್ತದೆ, ಅದರಾಚೆ ಏನೂ ಆಗುವುದಿಲ್ಲ. ಇದನ್ನು ಬರೆಯುವುದಕ್ಕೆ ಈಗಲೂ ಕಷ್ಟವಾಗುತ್ತದೆ.

ನಿದ್ದೆಯದು ಇನ್ನೊಂದು ಗೋಳು. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತದೆ, ಕನಸು ಬೀಳುವ ಆರ್‌ಇಎಂ ನಿದ್ದೆ ತಗ್ಗುತ್ತದೆ. ಬಿಟ್ಟ ಮೇಲೆ ಆ ತಗ್ಗಿದ ನಿದ್ದೆ ಬಡ್ಡಿ ಸಮೇತ ವಾಪಸ್ ಬರುತ್ತದೆ. ಕನಸೋ ಕನಸು. ಅದರಲ್ಲೂ ಕುಡಿಯುವ ಕನಸು. ಕನಸಿನಲ್ಲಿ ಗಟಗಟ ಕುಡಿದು, ಅಯ್ಯೋ ಎಲ್ಲಾ ಹಾಳಾಯ್ತು ಅಂತ ಬೆವತು ಎದ್ದು ಕೂರುವುದು, ಆಮೇಲೆ ಬಾಯಿ ಮೂಸಿ ನೋಡಿಕೊಳ್ಳುವುದು. ಬಿಟ್ಟವರ ಹತ್ತಿರ ಕೇಳಿ ನೋಡಿ, ತುಂಬಾ ಜನ ಈ ಕನಸಿನ ಕಥೆ ಹೇಳುತ್ತಾರೆ. ನಿದ್ದೆ ಪೂರ್ತಿ ನೆಟ್ಟಗಾಗುವುದಕ್ಕೆ ಹಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ನಿದ್ದೆಯಿಲ್ಲದ ಮನುಷ್ಯನಿಗೆ ಖಿನ್ನತೆ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ಎಷ್ಟು ಕಷ್ಟ ಅಂತ ನೀವೇ ಯೋಚನೆ ಮಾಡಿ.

ತಲೆಯೊಳಗಿನ ವಾದ

ಈ ದಿನಗಳಲ್ಲಿ ತಲೆ ಒಂದು ವಾದ ಕಟ್ಟುತ್ತದೆ. ಕುಡಿಯುವಾಗ ಇಷ್ಟು ಬೇಜಾರಿರಲಿಲ್ಲ, ಬಿಟ್ಟ ಮೇಲೆ ಬೇಜಾರು ಬಂತು, ಹಾಗಾದರೆ ಕುಡಿತವೇ ನನ್ನ ಔಷಧಿಯಾಗಿತ್ತು. ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ. ಸಂಜೆ ಹೊತ್ತು ಈ ವಾದಕ್ಕೆ ಎದುರು ಮಾತಾಡುವುದು ಬಹಳ ಕಷ್ಟ. ಇದರ ಒಂದು ಕೊಂಡಿ ಸಡಿಲ ಅಂತ ನನಗೆ ಕಂಡಿದ್ದು ಒಂದು ಹಳೇ ಅಧ್ಯಯನದ ಬಗ್ಗೆ ಓದಿದಾಗ. ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶುಕಿಟ್ ಎಂಬ ಅಮೆರಿಕದ ಸಂಶೋಧಕರು 1988ರಲ್ಲಿ ಪ್ರಕಟಿಸಿದ್ದು. ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದ್ದ ಗಂಡಸರನ್ನು ಅವರು ವಾರವಾರ ಪರೀಕ್ಷಿಸಿದರು. ಸೇರಿದ ಮೊದಲ ಎರಡು ದಿನದಲ್ಲಿ 42% ಜನರಲ್ಲಿ ಗಂಭೀರ ಖಿನ್ನತೆಯ ಲಕ್ಷಣ ಇತ್ತು. ನಾಲ್ಕನೇ ವಾರದ ಹೊತ್ತಿಗೆ ಅದು 6%ಕ್ಕೆ ಇಳಿದಿತ್ತು. ಅಂದರೆ ಆ ಕತ್ತಲೆಯಲ್ಲಿ ದೊಡ್ಡ ಪಾಲು ಎಣ್ಣೆಯೇ ಬಿಟ್ಟುಹೋದದ್ದು. ಯಾವುದನ್ನು ನಾನು ಔಷಧಿ ಅಂದುಕೊಂಡಿದ್ದೆನೋ ಅದೇ ಕಾಯಿಲೆಯನ್ನು ದಿನಾ ಹೊಸದಾಗಿ ತಂದು ಕೊಡುತ್ತಿತ್ತು.

ಸರಿ, ಆದರೆ ಆ 6% ಜನರ ಗತಿ ಏನು? ಇದನ್ನು ಓದಿದ ಕೂಡಲೇ ನನ್ನ ಕಣ್ಣು ನಿಂತಿದ್ದು ಅಲ್ಲಿ. "ಎಲ್ಲಾ ಎಣ್ಣೆಯದ್ದೇ ಕಣೋ, ಸ್ವಲ್ಪ ದಿನ ತಡಿ, ಹೋಗುತ್ತೆ" ಅನ್ನುವವರು ಬಹಳಷ್ಟು ಜನರ ಮಟ್ಟಿಗೆ ನಿಜವನ್ನೇ ಹೇಳುತ್ತಿದ್ದಾರೆ. ಉಳಿದವರ ಮಟ್ಟಿಗೆ ಆ ಮಾತು ಕ್ರೂರ. ಅವರು ತಡೆಯುತ್ತಾ ಕೂತಿರುತ್ತಾರೆ, ಅದು ಹೋಗುವುದಿಲ್ಲ, ಕೊನೆಗೆ ತಮ್ಮಲ್ಲೇ ಏನೋ ಐಬಿದೆ ಅಂದುಕೊಳ್ಳುತ್ತಾರೆ. ಯಾರದು ಹೋಗುವ ಜಾತಿಯದು, ಯಾರದು ಉಳಿಯುವ ಜಾತಿಯದು ಅಂತ ಬಿಟ್ಟು ನೋಡದೆ ಹೇಳೋಕಾಗಲ್ಲ. ಹೇಳುವಂಥ ರಕ್ತಪರೀಕ್ಷೆ ಯಾವುದೂ ಇಲ್ಲ. ಕುಡಿಯದೆ ಒಂದಷ್ಟು ವಾರ ಕಳೆಯಬೇಕು. ಆ ವಾರಗಳನ್ನು ಒಬ್ಬರೇ ಕಳೆಯಬಾರದು. ನನಗೆ ಹೇಳೋಕಿರುವುದು ಬಹುಮಟ್ಟಿಗೆ ಇಷ್ಟೇ. ಆದರೂ ನಡೆದದ್ದನ್ನು ಹೇಳುತ್ತೇನೆ.

ಒಂಬತ್ತನೇ ಪ್ರಶ್ನೆ

ಮನೋವೈದ್ಯರ ಕೋಣೆಯ ಹೊರಗೆ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯೂ-9 ಅಂತ, ಖಿನ್ನತೆ ಎಷ್ಟಿದೆ ಅಂತ ಅಳೆಯುವ ಹಾಳೆ. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋಯಿತೇ, ಮಂಕಾಗಿದ್ದಿರೇ, ನಿದ್ದೆ ಹೇಗಿತ್ತು, ಸುಸ್ತು ಇತ್ತೇ, ಹೀಗೆ. ಪರೀಕ್ಷೆಯಲ್ಲಿ ಬರೀ ಫೇಲ್ ಆಗುತ್ತಿದ್ದ ನನಗೆ ಇದರಲ್ಲಾದರೂ ಒಳ್ಳೇ ಮಾರ್ಕ್ಸ್ ಬರುತ್ತಿದೆ ಅಂತ ಮನಸ್ಸಿನಲ್ಲೇ ಒಂದು ಜೋಕ್ ಮಾಡಿಕೊಂಡು ಟಿಕ್ ಹಾಕುತ್ತಾ ಹೋದೆ. ಒಂಬತ್ತನೆಯದಕ್ಕೆ ಬಂದಾಗ ಜೋಕ್ ನಿಂತಿತು. ಸತ್ತರೇ ವಾಸಿ ಅನ್ನಿಸಿದೆಯೇ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯೇ ಅಂತ ಪ್ರಶ್ನೆ. 'ಕೆಲವು ದಿನ' ಅನ್ನುವಲ್ಲಿ ಟಿಕ್ ಹಾಕಿದೆ. ಆಮೇಲೆ ಗಾಬರಿಯಾಯಿತು. ಅದನ್ನು ಗೀಚಿ 'ಇಲ್ಲವೇ ಇಲ್ಲ' ಅನ್ನುವಲ್ಲಿ ಹಾಕಿದೆ. ಬಾಲ್‌ಪೆನ್ನು. ಗೀಚಿದ್ದು ಇನ್ನಷ್ಟು ಎದ್ದು ಕಾಣುತ್ತಿತ್ತು.

ಡಾಕ್ಟರು ವಯಸ್ಸಾದ ಹೆಂಗಸು. ಹಾಳೆಯನ್ನು ನೋಡಿದರು, ಆ ಗೀಚಿದ ಜಾಗದ ಮೇಲೆ ಒಂದು ಕ್ಷಣ ಬೆರಳಿಟ್ಟರು, ಆದರೆ ಅದನ್ನು ಕೇಳಲಿಲ್ಲ. ಮೊದಲು ಬೇರೆಯದ್ದೇ ಕೇಳಿದರು.

"ಎಷ್ಟು ದಿನದಿಂದ ಹೀಗಿದೆ?"

"ಬಿಟ್ಟಾಗಿನಿಂದ ಮೇಡಂ."

"ಅದಕ್ಕೂ ಮುಂಚೆ?"

"ಮುಂಚೆ ಕುಡೀತಿದ್ದೆ. ಏನಿತ್ತು ಅಂತಾನೇ ಗೊತ್ತಾಗ್ತಿರಲಿಲ್ಲ."

"ಅದಲ್ಲ. ಕುಡಿಯೋಕೆ ಶುರು ಮಾಡೋದಕ್ಕೂ ಮುಂಚೆ?"

ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಕಾಲೇಜಿನ ಎರಡನೇ ವರ್ಷ ನೆನಪಾಯಿತು. ಆಗಿನ್ನೂ ನಾನು ಒಂದು ಹನಿ ಕುಡಿದವನಲ್ಲ. ಕಾರಣವೇ ಇಲ್ಲದೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುವುದಕ್ಕೆ ಆಗದೆ ಮಲಗಿದ್ದೆ. ಮನೆಯಲ್ಲಿ ಅದನ್ನು ಸೋಮಾರಿತನ ಅಂದರು, ನಾನೂ ಹಾಗೇ ಅಂದುಕೊಂಡೆ. ಆಮೇಲೆ ತಾನಾಗಿಯೇ ಹೋಯಿತು, ಮರೆತೂ ಹೋಯಿತು. ಇಷ್ಟನ್ನೂ ಹೇಳಿದೆ. ಅವರು ಬರೆದುಕೊಂಡರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಅಂತ ಕೇಳಿ ಅದನ್ನೂ ಬರೆದುಕೊಂಡರು. ಮಧ್ಯೆ ಯಾವಾಗಲಾದರೂ ಬಹಳ ದಿನ ಕುಡಿಯದೆ ಇದ್ದದ್ದು ಉಂಟಾ, ಆಗ ಹೇಗಿದ್ದಿರಿ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, ಮುಖ ನೋಡಿ ಕೇಳಿದರು: "ಸಾಯಬೇಕು ಅನ್ಸುತ್ತಾ?"

"ಹಾಗಂತ ಅಲ್ಲ ಮೇಡಂ. ಬೆಳಿಗ್ಗೆ ಎಚ್ಚರ ಆಗದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ."

"ಹೇಗೆ ಏನು ಅಂತ ಯೋಚನೆ ಮಾಡಿದ್ದೀರಾ?"

"ಇಲ್ಲ."

"ಆ ಥರ ಯೋಚನೆ ಬಂದ್ರೆ ಮೊದಲು ಯಾರಿಗೆ ಹೇಳ್ತೀರಾ?"

"ಅಕ್ಕನಿಗೆ."

"ನಂಬರ್ ಕೊಡಿ." ಫೈಲಿನ ಮೇಲೆ ಅಕ್ಕನ ನಂಬರ್ ಬರೆದುಕೊಂಡರು. ಅಷ್ಟೇ. ಉಪದೇಶ ಇಲ್ಲ, ಛೆ ಛೆ ಹಾಗೆಲ್ಲ ಯೋಚನೆ ಮಾಡಬಾರದು ಅನ್ನುವ ಮಾತಿಲ್ಲ. ಇಂಥ ಪ್ರಶ್ನೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ನನ್ನ ಮಟ್ಟಿಗೆ ಆದದ್ದು ತದ್ವಿರುದ್ಧ. ಬೆನ್ನಿನ ಮೇಲಿದ್ದ ಏನನ್ನೋ ಅವರೆದುರು ಇಳಿಸಿ ಎದ್ದು ಬಂದೆ.

ಅವತ್ತೇ ಏನನ್ನೂ ತೀರ್ಮಾನ ಮಾಡಲಿಲ್ಲ ಅವರು. "ಇದರಲ್ಲಿ ಎಣ್ಣೆಯದ್ದೆಷ್ಟು, ನಿಮ್ಮದೆಷ್ಟು ಅಂತ ಈಗಲೇ ಹೇಳೋಕಾಗಲ್ಲ. ನಾಲ್ಕು ವಾರ ಆಗಲಿ. ಆದ್ರೆ ವಾರ ವಾರ ಬರಬೇಕು ನೀವು" ಅಂದರು. ಕಾಯುವುದಕ್ಕೂ, ಯಾರೋ ಜೊತೆಗಿದ್ದು ಕಾಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಆ ವಾರಗಳಲ್ಲಿ ಗೊತ್ತಾಯಿತು. ಎಲ್ಲರಿಗೂ ನಾಲ್ಕು ವಾರ ಕಾಯಿಸುತ್ತಾರೆ ಅಂತಲ್ಲ. ಲಕ್ಷಣ ಜೋರಾಗಿದ್ದರೆ, ಪ್ರಾಣಕ್ಕೆ ಅಪಾಯ ಕಂಡರೆ, ಹಳೇ ಖಿನ್ನತೆ ಇದ್ದದ್ದು ಸ್ಪಷ್ಟವಾಗಿದ್ದರೆ ತಕ್ಷಣ ಚಿಕಿತ್ಸೆ ಶುರು ಮಾಡುತ್ತಾರೆ. ನನಗೆ ಆ ವಾರಗಳ ಕೊನೆಗೆ ಸಿಡುಕು ಹೋಗಿತ್ತು, ಬೆವರು ಹೋಗಿತ್ತು, ನಿದ್ದೆ ಸ್ವಲ್ಪ ಸುಧಾರಿಸಿತ್ತು. ಆ ಮಂಕು ಮಾತ್ರ ಇದ್ದಲ್ಲೇ ಇತ್ತು. ಖಿನ್ನತೆಗೆ ಮಾತ್ರೆ ಬರೆದುಕೊಟ್ಟರು. ಅದು ಕೆಲಸ ಶುರು ಮಾಡುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು, ಮಧ್ಯದಲ್ಲಿ ನಿಲ್ಲಿಸಬೇಡಿ ಅಂದರು. ಪೂರ್ತಿ ಚೇತರಿಸಿಕೊಂಡ ಮೇಲೂ ಆರು ತಿಂಗಳಾದರೂ ತೆಗೆದುಕೊಳ್ಳಬೇಕು ಅಂತಲೂ ಹೇಳಿದರು.

ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು ಅನ್ನುವುದಕ್ಕೆ 2010ರ ಇನ್ನೊಂದು ಅಧ್ಯಯನ ನನಗೆ ಇಷ್ಟ. ಹೆಲೆನ್ ಪೆಟಿನಾಟಿ ಮತ್ತು ಜೊತೆಗಾರರು ಮಾಡಿದ್ದು. ಕುಡಿತ, ಖಿನ್ನತೆ ಎರಡೂ ಇದ್ದ 170 ಜನರಿಗೆ 14 ವಾರ ಔಷಧಿ ಕೊಟ್ಟು ನೋಡಿದರು. ಒಂದು ಗುಂಪಿಗೆ ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಒಂದಕ್ಕೆ ಖಿನ್ನತೆಯ ಸರ್ಟ್ರಲಿನ್, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಖಾಲಿ ಮಾತ್ರೆ. ಎರಡೂ ಸಿಕ್ಕವರಲ್ಲಿ ಸುಮಾರು 54% ಜನ ಕುಡಿಯದೆ ಉಳಿದರು. ಉಳಿದ ಮೂರು ಗುಂಪಿನಲ್ಲಿ ಅದು 21ರಿಂದ 28%ರ ಆಸುಪಾಸು. (ಔಷಧಿಯ ಮಾತು ಬಂತಲ್ಲ, ಒಂದು ಮಾತು. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ, 1950ರ ದಶಕದಿಂದ ಬಳಕೆಯಲ್ಲಿದೆ. ಅದನ್ನು ತಿಂದು ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಕುಸಿತ ಎಲ್ಲ ಆಗುತ್ತದೆ. ಇದನ್ನು ಗಂಡನಿಗೋ ಮಗನಿಗೋ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಪ್ರಾಣಕ್ಕೇ ಕುತ್ತು ಬರಬಹುದು. ಪ್ರಾಣ ಉಳಿದರೂ ನಂಬಿಕೆ ಉಳಿಯುವುದಿಲ್ಲ.)

ಬೆಡ್‌ಶೀಟಿನ ಇನ್ನೊಂದು ತುದಿ

ಕುಡಿಯುತ್ತಿದ್ದವರಿಗೆ ಸಂಜೆ ಆರರಿಂದ ಎಂಟರವರೆಗಿನ ಹೊತ್ತು ಎಷ್ಟು ಉದ್ದ ಅಂತ ಗೊತ್ತು. ಬೆಳಿಗ್ಗೆ ಹೇಗೋ ಕಳೆಯುತ್ತದೆ. ಖಿನ್ನತೆ ಬೆಳಿಗ್ಗೆ ಜೋರು, ಎಣ್ಣೆಯ ನೆನಪು ಸಂಜೆ ಜೋರು. ಎರಡೂ ಪಾಳಿ ಹಂಚಿಕೊಂಡಿದ್ದವು ನನ್ನನ್ನು. ಆಗ ಅಕ್ಕ ಬಂದು ನಮ್ಮ ಮನೆಯಲ್ಲಿ ಇದ್ದಳು. ಡಾಕ್ಟರು ಅವಳಿಗೆ ಫೋನ್ ಮಾಡಿದ್ದರೋ, ತಾನಾಗಿಯೇ ಬಂದಳೋ, ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಒಂದು ಸಂಜೆ ಹಾಲಿನಿಂದ ರೂಮಿಗೆ, ರೂಮಿನಿಂದ ಹಾಲಿಗೆ ಓಡಾಡುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡು ಒಂದು ಸಲ ಗೇಟಿನವರೆಗೂ ಹೋಗಿ ಬಂದೆ. ಅಕ್ಕ ಒಣಗಿದ ಬಟ್ಟೆಯ ರಾಶಿ ಮುಂದೆ ಹಾಕಿಕೊಂಡು ಕೂತಿದ್ದಳು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. ಒಂದು ಡಬಲ್ ಬೆಡ್‌ಶೀಟ್ ಎತ್ತಿಕೊಂಡು ನಿಂತಳು.

"ಬಾರೋ, ಆ ತುದಿ ಹಿಡ್ಕೋ. ಒಬ್ಬಳಿಗೇ ಆಗಲ್ಲ."

"ಅಕ್ಕ, ನನಗೇನೂ ಮಾಡೋಕಾಗ್ತಿಲ್ಲ ಕಣೇ."

"ಏನೂ ಮಾಡ್ಬೇಡ. ಹಿಡ್ಕೋ."

ಹಿಡಿದೆ. ಅವಳು ಆ ಕಡೆಯಿಂದ ಒಂದು ಸಲ ಪಟ್ ಅಂತ ಕೊಡವಿದಳು, ನನ್ನ ಕೈಯಿಂದ ಒಂದು ಮೂಲೆ ಜಾರಿತು. ಮತ್ತೆ ಹಿಡಿದೆ. ಉದ್ದಕ್ಕೆ ಮಡಚಿದೆವು, ಇನ್ನೊಂದು ಸಲ ಮಡಚಿದೆವು. ಆಮೇಲೆ ಅವಳು ನಿಂತಲ್ಲೇ ನಿಂತಳು, ನಾನು ನಡೆದುಕೊಂಡು ಹೋಗಿ ನನ್ನ ಎರಡು ಮೂಲೆಯನ್ನು ಅವಳ ಕೈಗೆ ಕೊಟ್ಟೆ. ಬಗ್ಗಿ ಕೆಳಗೆ ಜೋತಾಡುತ್ತಿದ್ದ ಮಡಿಕೆ ಹಿಡಿದೆ. ಮತ್ತೆ ಹಿಂದಕ್ಕೆ. ಹೊಲಿಗೆಯ ಅಂಚಿನಲ್ಲಿ ಇನ್ನೂ ಸ್ವಲ್ಪ ತೇವ ಇತ್ತು. "ಇದು ಒಣಗೇ ಇಲ್ಲ ನೋಡು" ಅಂತ ಅವಳೇ ಗೊಣಗಿದಳು, ಕುರ್ಚಿಯ ಬೆನ್ನಿಗೆ ಹಾಕಿದಳು. ಇನ್ನೊಂದು ತೆಗೆದಳು. ಬೆಡ್‌ಶೀಟ್ ಮುಗಿದ ಮೇಲೆ ಪಂಚೆ, ಪಂಚೆ ಮುಗಿದ ಮೇಲೆ ದಿಂಬಿನ ಕವರು. ದಿಂಬಿನ ಕವರಿಗೆ ಇಬ್ಬರು ಬೇಕಾಗಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಸುಮ್ನೆ ಮಡಚಿದೆವು. ಎಲ್ಲ ಬೀರುವಿನಲ್ಲಿಟ್ಟು ಬಂದಾಗ ಗೇಟಿನವರೆಗೆ ಎಳೆದುಕೊಂಡು ಹೋಗಿದ್ದ ಆ ಆಸೆ ಹೋಗಿತ್ತು. ಯಾವಾಗ ಹೋಯಿತು ಅಂತ ಗೊತ್ತಾಗಲಿಲ್ಲ.

ಕುಡಿಯಬೇಕು ಅನ್ನುವ ತುಡಿತ ಏರುತ್ತದೆ, ಒಂದು ಮಟ್ಟ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಅದರ ಜೊತೆ ಜಗಳಕ್ಕೆ ನಿಲ್ಲದೆ, ಅದು ಏರಿ ಇಳಿಯುವುದನ್ನು ನೋಡುತ್ತಾ ಇರಿ ಅನ್ನುವುದನ್ನು ಒಂದು ಚಿಕಿತ್ಸೆಯ ಕ್ರಮವಾಗಿಯೇ ರೂಪಿಸಿದವರು ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞ. ಖಿನ್ನತೆಯ ಕಡೆಯಿಂದ ನೋಡಿದರೆ ಇನ್ನೊಂದು ಮಾತಿದೆ. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಅಂತ ಕೂತರೆ ಮನಸ್ಸು ಬರುವುದೇ ಇಲ್ಲ. ಕೈ ಮೊದಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ತಂಡದವರು ಖಿನ್ನತೆ ಇದ್ದವರಲ್ಲಿ ಇದನ್ನು ಪರೀಕ್ಷಿಸಿದರು. ದಿನದ ಚಟುವಟಿಕೆಯನ್ನು ಹಂತಹಂತವಾಗಿ ಹೆಚ್ಚಿಸುವ ಭಾಗವೊಂದೇ, ಯೋಚನೆಗಳನ್ನು ತಿದ್ದುವ ಪೂರ್ತಿ ಚಿಕಿತ್ಸೆಯಷ್ಟೇ ಫಲ ಕೊಟ್ಟಿತು.

ಆದರೆ ಇದನ್ನು ಓದಿ ಯಾರೂ ಖಿನ್ನತೆಯಲ್ಲಿರುವವರಿಗೆ "ಎದ್ದು ವಾಕಿಂಗ್ ಹೋಗಿ, ಏನಾದ್ರೂ ಹವ್ಯಾಸ ಬೆಳೆಸಿಕೊಳ್ಳಿ" ಅಂತ ಹೇಳೋಕೆ ಹೋಗಬೇಡಿ. ಆ ಮಾತು ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ಹಲ್ಲುಜ್ಜುವುದೇ ದೊಡ್ಡ ಕೆಲಸ ಆಗಿರುವಾಗ ಹವ್ಯಾಸವಂತೆ. ಅಕ್ಕ ನನಗೆ ಸಲಹೆ ಕೊಡಲಿಲ್ಲ. ಇಬ್ಬರು ಬೇಕಾದ ಒಂದು ಕೆಲಸ ಹುಡುಕಿ, ಅರ್ಧವನ್ನು ನನ್ನ ಕೈಗಿಟ್ಟಳು. ಆಮೇಲಿನ ಸಂಜೆಗಳಲ್ಲೂ ಅವಳು ಮಾಡಿದ್ದು ಅದನ್ನೇ. ಮೇಜಿನ ಜಾಗ ಬದಲಿಸಬೇಕು ಅನ್ನುವಳು, ಫ್ಯಾನ್ ಒರೆಸುವಾಗ ಸ್ಟೂಲ್ ಹಿಡಿ ಅನ್ನುವಳು. ನಮ್ಮ ಮನೆ ಅಷ್ಟು ಅಚ್ಚುಕಟ್ಟಾಗಿ ಇದ್ದದ್ದು ಆಗ ಮಾತ್ರ.

ಬಿಲ್ ವಿಲ್ಸನ್ ಕೂಡ

ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಕಟ್ಟಿದ ಇಬ್ಬರಲ್ಲಿ ಬಿಲ್ ವಿಲ್ಸನ್ ಒಬ್ಬರು. 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟರು, 1935ರಲ್ಲಿ ಅಮೆರಿಕದ ಅಕ್ರನ್‌ನಲ್ಲಿ ಡಾ. ಬಾಬ್ ಸ್ಮಿತ್ ಜೊತೆ ಸೇರಿ ಸಂಘ ಶುರು ಮಾಡಿದರು, 1971ರಲ್ಲಿ ಸಾಯುವವರೆಗೂ ಮತ್ತೆ ಕುಡಿಯಲಿಲ್ಲ. ಬಿಟ್ಟವರ ಲೋಕದಲ್ಲಿ ಅವರಿಗಿಂತ ದೊಡ್ಡ ಹೆಸರಿಲ್ಲ. ಅಂಥವರು 1940ರ ದಶಕದಲ್ಲಿ, ಬಿಟ್ಟು ಸುಮಾರು ಹತ್ತು ವರ್ಷ ಆದ ಮೇಲೆ, ತೀವ್ರ ಖಿನ್ನತೆಗೆ ಬಿದ್ದರು. ಅದು ವರ್ಷಗಟ್ಟಲೆ ಕಾಡಿತು. ಹ್ಯಾರಿ ಟೀಬೌಟ್ ಎಂಬ ಮನೋವೈದ್ಯರ ಹತ್ತಿರ ಚಿಕಿತ್ಸೆಗೆ ಹೋದರು. 1958ರಲ್ಲಿ ವಿಲ್ಸನ್ ಇದರ ಬಗ್ಗೆ ಬಿಚ್ಚಿ ಬರೆದರು. ಕುಡಿತ ನಿಂತ ಮಾತ್ರಕ್ಕೆ ಮನಸ್ಸು ಬೆಳೆದು ನೆಲೆ ನಿಂತಂತಲ್ಲ, ಆ ಕೆಲಸ ಇನ್ನೂ ಬಾಕಿ ಇರುತ್ತದೆ ಎನ್ನುವುದು ಅದರ ತಾತ್ಪರ್ಯ. ಇದನ್ನು ತಿಳಿದ ದಿನ ನನಗೆ ಬಹಳ ಸಮಾಧಾನವಾಯಿತು. ಇನ್ನೊಬ್ಬರ ಕಷ್ಟ ಕೇಳಿ ಸಮಾಧಾನ ಪಡಬಾರದು, ಆದರೂ ಆಯಿತು. ಖಿನ್ನತೆಯ ಮಾತ್ರೆ ತಿನ್ನುವವರು ನಿಜವಾಗಿ ಬಿಟ್ಟವರಲ್ಲ ಅನ್ನುವ ಕಟ್ಟಾ ಜನ ಇಂಥ ಸಂಘಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಸಂಘದ ನಿಲುವು ಹಾಗಿಲ್ಲ. ಸದಸ್ಯರು ಡಾಕ್ಟರ ಕೆಲಸ ಮಾಡಲು ಹೋಗಬಾರದು ಅಂತ ಅವರದೇ ಕಿರುಹೊತ್ತಿಗೆ ಹೇಳುತ್ತದೆ.

ನನ್ನ ಮಾತ್ರೆ ಈಗಲೂ ನಡೆಯುತ್ತಿದೆ. ಮಂಕು ಪೂರ್ತಿ ಹೋಗಿದೆ ಅಂತ ಹೇಳಲಾರೆ. ಬರುತ್ತದೆ, ಎರಡು ದಿನ ಇದ್ದು ಹೋಗುತ್ತದೆ. ಹೋಗುತ್ತದೆ ಅಂತ ಈಗ ಗೊತ್ತಿದೆ, ಅಷ್ಟೇ ವ್ಯತ್ಯಾಸ. ಹೋದ ವಾರ ಆಫೀಸಿನ ಹುಡುಗನೊಬ್ಬ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಸರ್, ಒಂದು ಕೇಳ್ಲಾ?" ಅಂದ. ಅವನೂ ಬಿಟ್ಟಿದ್ದಾನೆ ಅಂತ ನನಗೆ ಗೊತ್ತಿತ್ತು. "ಬಿಟ್ಟು ಇಷ್ಟೇ ಆಗೋದಾದ್ರೆ ಯಾಕ್ ಸರ್ ಬಿಡ್ಬೇಕು?" ಅಂದ, ಸಿಟ್ಟಿನಲ್ಲಿ. ಒಳ್ಳೇ ಪ್ರಶ್ನೆ. ನನಗೆ ತೋಚಿದ್ದನ್ನು ಹೇಳಿದೆ. ಬೆಳಿಗ್ಗೆ ಎದ್ದು ಫೋನ್ ತೆಗೆಯೋಕೆ ಹೆದರಿಕೆ ಆಗುವುದಿಲ್ಲ, ರಾತ್ರಿ ಯಾರಿಗೆ ಏನು ಕಳಿಸಿದ್ದೇನೋ ಅಂತ. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಗೊತ್ತಾಗುತ್ತದೆ, ಮೊದಲು ಅದೂ ಗೊತ್ತಾಗುವಂತಿರಲಿಲ್ಲ. ಬೇಜಾರಾದರೆ ಬೇಜಾರು ಅಂತ ಹೇಳಿದಾಗ ಮನೆಯವರು ನಂಬುತ್ತಾರೆ. ಅವನಿಗೆ ಇದು ಅಷ್ಟೇನೂ ಹಿಡಿಸಿದ ಹಾಗೆ ಕಾಣಲಿಲ್ಲ. ನಿದ್ದೆ ಬರುತ್ತಾ ಅಂತ ಕೇಳಿದೆ, ಇಲ್ಲ ಅಂದ. ಸಾಯಬೇಕು ಅನ್ಸುತ್ತಾ ಅಂತಲೂ ಕೇಳಿದೆ. ಬಹಳ ಹೊತ್ತು ಸುಮ್ನಿದ್ದು, "ಒಂದೊಂದ್ಸಲ" ಅಂದ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿದೆ, ಅವರು ಅವನ ಹತ್ತಿರ ಮಾತಾಡಿದರು. ಮಾರನೇ ದಿನ ಬೆಳಿಗ್ಗೆಗೇ ಬರಹೇಳಿದರು. ಒಬ್ಬನೇ ಹೋಗ್ತೀನಿ ಸರ್ ಅಂದ. ಬೇಡ, ನಾನೂ ಬರ್ತೀನಿ ಅಂದು ಅರ್ಧ ದಿನ ರಜೆ ಹಾಕಿದೆ. ರಾತ್ರಿ ಮನೆಯಲ್ಲಿ ಯಾರಿರ್ತಾರೆ ಅಂತ ಕೇಳಿದೆ. ಅಣ್ಣ ಅಂದ. ಅಣ್ಣನ ನಂಬರ್ ಇಸ್ಕೊಂಡೆ.